ಭಾವನ ಬ್ಲಡ್ ಕಲ್ಚರ್

ಭಾವನ ರಕ್ತದ ಬಾಟಲಿ ಕಲ್ಚರ್ ಪರೀಕ್ಷೆಗೆಂದು ನಮ್ಮ ಲ್ಯಾಬಿಗೆ ಬಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳೇಕೆ ಹೇಳಲಿ? ಎರಡು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಅಕ್ಕನ ರಕ್ತವನ್ನೂ ನಾನೇ ಪರೀಕ್ಷೆ ಮಾಡಿದ್ದೆ.

ಅಕ್ಕ ಇವನ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಲ್ಲುತ್ತಿದ್ದಳು. ಅವಳ ಮೈ ಬೆಚ್ಚಗಾದರೆ ಸಾಕು, ಈ ಪುಣ್ಯಾತ್ಮ ಕಪಾಟಿನಿಂದ ಎರಡು ಆಂಟಿಬಯೋಟಿಕ್ ತೆಗೆದು ಕೊಡುತ್ತಿದ್ದ. ಜ್ವರ ಇಳಿಯಿತೋ, ಮಾತ್ರೆ ನಿಲ್ಲಿಸು, ಅಂಗಡಿಗೆ ಬಾ. ತಿಂಗಳಿಗೆರಡು ಸಲ ಇದೇ ಕಥೆ. ಕೊನೆಗೆ ರಕ್ತಕ್ಕೇ ಸೋಂಕು ಹತ್ತಿತು. ಈಚೆಗೆ ಯಾವ ಆಂಟಿಬಯೋಟಿಕ್ ತೆಗೆದುಕೊಂಡಿದ್ದಾರೆ ಎಂದು ಡಾಕ್ಟರು ಕೇಳಿದರೆ, ಚೀಟಿಯಿಲ್ಲದೆ ಕೊಟ್ಟದ್ದು ಬಯಲಾದೀತೆಂದು ಹೆದರಿ, ಏನೂ ಇಲ್ಲ ಅಂದುಬಿಟ್ಟ. ಅವರು ಮಾಮೂಲಿ ಔಷಧಿ ಶುರು ಮಾಡಿದರು. ಮೂರನೇ ದಿನ ನಾನು ಅವಳ ರಕ್ತದ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆ ನೋಡಿದರೆ, ಅದರ ಮೇಲಿಟ್ಟ ಹದಿನಾಲ್ಕು ಬಗೆಯ ಆಂಟಿಬಯೋಟಿಕ್ ಬಿಲ್ಲೆಗಳಲ್ಲಿ ಹದಿಮೂರರ ಅಂಚಿನವರೆಗೂ ಬ್ಯಾಕ್ಟೀರಿಯಾ ಹಾಯಾಗಿ ಬೆಳೆದಿತ್ತು; ಅರ್ಧಂಬರ್ಧ ನುಂಗಿದ ಮಾತ್ರೆಗಳಿಗೆ ಅದು ಒಗ್ಗಿಹೋಗಿತ್ತು. ಹದಿನಾಲ್ಕನೆಯ ಔಷಧಿಯನ್ನು ಡ್ರಿಪ್ಪಿನಲ್ಲಿ ಏರಿಸುವಷ್ಟರಲ್ಲಿ ಅಕ್ಕ ಹೋಗಿದ್ದಳು.

ಮಾತ್ರೆಯ ಖಾಲಿ ಪಟ್ಟಿಗಳು ಆಮೇಲೆ ಅವಳ ಚೀಲದಲ್ಲಿ ಸಿಕ್ಕವು. ಅಮ್ಮನಿಗೆ ತೋರಿಸಿದರೆ ನನ್ನ ಮೇಲೇ ಹರಿಹಾಯ್ದಳು. ತಾನು ನುಂಗುವುದನ್ನೇ ಹೆಂಡತಿಗೂ ಕೊಟ್ಟಿರುತ್ತಾನೆ, ಅದರಲ್ಲೇನು ತಪ್ಪು ಎಂದಳು.

ಈಗ ಇವನಿಗೂ ಅದೇ ಕಾಯಿಲೆ. ಡಾಕ್ಟರ ಅದೇ ಪ್ರಶ್ನೆಗೆ ಇವನದು ಅದೇ ಉತ್ತರ: ಏನೂ ಇಲ್ಲ. ನಿನ್ನ ಸುಳ್ಳು ನಿನ್ನನ್ನೇ ತಿನ್ನಲಿ ಎಂದುಕೊಂಡು ತಟ್ಟೆ ತೆಗೆದೆ. ಒಂದೊಂದು ಬಿಲ್ಲೆಯ ಸುತ್ತಲೂ ಅಗಲವಾದ, ಸ್ವಚ್ಛವಾದ ವೃತ್ತ! ತೀರ ಅಗ್ಗದ ಔಷಧಿಗೂ ಇವನ ಬ್ಯಾಕ್ಟೀರಿಯಾ ಸತ್ತಿತ್ತು. ತಿಂಗಳಿಗೆರಡು ಸಲ ಮಾತ್ರೆ ನುಂಗಿದವನ ಬ್ಯಾಕ್ಟೀರಿಯಾ ಇಷ್ಟು ಸುಲಭಕ್ಕೆ ಸಾಯುವುದಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ವರದಿಯನ್ನು ಒಂದು ದಿನ ಅದುಮಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈ ಬರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ.

ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು. ವಾರ್ಡಿಗೆ ಹೋದರೆ ಅಮ್ಮ ಪಕ್ಕದಲ್ಲಿ ಕೂತು ಅಳಿಯನಿಗೆ ಕಿತ್ತಳೆ ಸುಲಿಯುತ್ತಿದ್ದಳು.

“ಭಾವ, ಈ ಸಲ ಡಾಕ್ಟರಿಗೆ ನಿಜಾನೇ ಹೇಳಿದ್ದೀರಿ. ನಿಮ್ಮ ಅಂಗಡಿ ಮಾತ್ರೆ ನೀವು ಒಂದೂ ನುಂಗಿಲ್ಲ, ಅಲ್ವಾ?”

ಅಮ್ಮನ ಕೈ ನಿಂತಿತು.

“ಮತ್ತೆ ನಿಮಗೆ ಜ್ವರ ಬಂದ್ರೆ ಏನ್ ಮಾಡ್ತಿದ್ರಿ?” ಎಂದು ಅಮ್ಮ ಕೇಳಿದಳು.

“ಎರಡು ದಿನ ಮಲಗ್ತಿದ್ದೆ, ಅತ್ತೆ. ಅಂಗಡೀನ ಅವಳು ನೋಡ್ಕೊಳ್ತಿದ್ಲು.”

ಅಮ್ಮ ಎದ್ದು ಹೊರಗೆ ನಡೆದಳು. ಅವನು ಅತ್ತೆ, ಅತ್ತೆ ಎಂದು ಕರೆಯುತ್ತಲೇ ಇದ್ದ. ನಾನು ಅವಸರ ಮಾಡದೆ, ಅಲ್ಲೇ ನಿಂತು, ಅಷ್ಟನ್ನೂ ಕೇಳಿಸಿಕೊಂಡೆ.