ಬುಟ್ಟಿ ತೂಕ

ಒಂದು ಮಗುವಾದರೂ ತೂಕದಲ್ಲಿ ಇಳಿಯಬೇಕಿತ್ತು. ಇಳಿಯದಿದ್ದರೆ ಇದ್ದಲ್ಲೇ ನಿಲ್ಲಬೇಕಿತ್ತು. ನಲವತ್ತೆಂಟು ಮಕ್ಕಳಲ್ಲಿ ಚಳಿಜ್ವರ ಬಂದವೆಷ್ಟು, ಭೇದಿಯಾಗಿ ಮಲಗಿದವೆಷ್ಟು! ಅಂಥವೂ ನಾಲ್ಕು ತಿಂಗಳಲ್ಲಿ ಎರಡು ಪೌಂಡು ಏರಿವೆ ಎಂದರೆ ಹೇಗೆ ನಂಬುವುದು? ಯಾರೋ ಎಲ್ಲೋ ಕೈಯಾಡಿಸಿದ್ದಾರೆ. ನರ್ಸಮ್ಮನೇ? ಅವರಿಗೆ ಇದರಿಂದ ಏನು ಸಿಗಬೇಕು? ಅಥವಾ ತನ್ನದೇ ಕಣ್ಣು ಮೋಸ ಹೋಯಿತೇ?

ಮಾದಾಪುರದ ಶಾಲೆಯ ಮೇಷ್ಟ್ರು ಸಿದ್ದಬಸಪ್ಪ ಎರಡು ಪಟ್ಟಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಮೂರನೆಯ ಸಲ ನೋಡಿದ. ಒಂದು ಹೋದ ಸೆಪ್ಟೆಂಬರಿನ ತೂಕ, ಇನ್ನೊಂದು ಮೊನ್ನೆ ಜನವರಿಯದು. ಎರಡನೆಯದನ್ನು ಆಸ್ಪತ್ರೆಯ ಹೊಸ ಕಿಲೋ ತಕ್ಕಡಿಯಲ್ಲಿ ತೂಗಿ, ಪೌಂಡಿಗೆ ತಿರುಗಿಸಿ ಬರೆದದ್ದು. ತಿರುಗಿಸುವಾಗ ತಪ್ಪಿರಬಹುದೆಂದು ಮತ್ತೆ ಗುಣಿಸಿದ. ತಪ್ಪಿರಲಿಲ್ಲ. ಸರಾಸರಿ ಮೂರೂಕಾಲು ಪೌಂಡು ಏರಿಕೆ. ಅವನು ಅರ್ಜಿಯಲ್ಲಿ ಮಾತು ಕೊಟ್ಟದ್ದು ಎರಡು.

ಬುಧವಾರ ಮದರಾಸಿನಿಂದ, ಹಾಲಿನ ಪುಡಿ ಕೊಡುವ ಸಂಸ್ಥೆಯ ದೊರೆ ಬರುವವರಿದ್ದರು. ಈ ಪಟ್ಟಿಯನ್ನು ನೋಡಿ ಅವರು ಒಪ್ಪಿದರೆ ಮಕ್ಕಳಿಗೆ ಇನ್ನೊಂದು ವರ್ಷ ಹಾಲು. ಒಪ್ಪದಿದ್ದರೆ ಹಾಲಿನ ಪುಡಿ ಬೇರೆ ಊರಿಗೆ.

ಅರವತ್ತೊಂದರ ಮಳೆಯಲ್ಲಿ ಬೆಳ್ಯಪ್ಪನವರ ಎಸ್ಟೇಟಿನ ಮೇಲಿನ ಗುಡ್ಡ ಜರಿದು ಕೂಲಿಯವರ ಎರಡು ಸಾಲು ಲೈನುಮನೆಗಳು ಮಣ್ಣಿನಡಿಗೆ ಹೋಗಿದ್ದವು. ಜನ ಕೆಲಸಕ್ಕೆ ಹೋಗಿದ್ದ ಹೊತ್ತಾದ್ದರಿಂದ ಜೀವಗಳು ಉಳಿದಿದ್ದವು. ಪಾತ್ರೆ, ಅಕ್ಕಿ, ಬಟ್ಟೆ ಯಾವುದೂ ಉಳಿದಿರಲಿಲ್ಲ. ಪರಿಹಾರ ಸಮಿತಿಯಾಯಿತು. ಬೆಳ್ಯಪ್ಪನವರು ಅಧ್ಯಕ್ಷರು. ಬಿ.ಎ. ಓದಿ ಇಂಗ್ಲಿಷು ಬರುತ್ತಿದ್ದ ಸಿದ್ದಬಸಪ್ಪ ಕಾರ್ಯದರ್ಶಿ. ಪರದೇಶದ ಒಂದು ದತ್ತಿಸಂಸ್ಥೆಯ ಮದರಾಸು ಕಚೇರಿಯಿಂದ ಅರ್ಜಿ ನಮೂನೆ ಬಂದಾಗ ಅದನ್ನು ಸಮಿತಿಗೆ ಕನ್ನಡದಲ್ಲಿ ಓದಿ ಹೇಳಿದವನು ಅವನೇ. ನೀವು ಏನು ಮಾಡುತ್ತೀರಿ? ಅದರಿಂದ ಏನು ಫಲವಾಗುತ್ತದೆ? ಫಲವಾಯಿತೆಂದು ಯಾವ ಗುರುತಿನಿಂದ ತಿಳಿಯುವುದು?

"ಮೂರಕ್ಕೂ ಒಂದೇ ಉತ್ತರ ಬರೀರಿ ಮೇಷ್ಟ್ರೆ," ಎಂದಿದ್ದರು ಬೆಳ್ಯಪ್ಪನವರು. "ಇಷ್ಟು ಡಬ್ಬ ಹಾಲಿನ ಪುಡಿ ಹಂಚಿದ್ದೇವೆ ಅಂತ. ಮುಗೀತಲ್ಲ, ಇನ್ನೆಂತ?"

"ಹಂಚೋದು ನಮ್ಮ ಕೆಲಸ ಸಾರ್, ಅದು ಫಲ ಅಲ್ಲ. ಫಲ ಮಕ್ಕಳ ಮೈಯಲ್ಲಿ ಕಾಣಬೇಕು. ಬೆಕ್ಕು ಕುಡಿದರೂ ಡಬ್ಬ ಖಾಲಿಯಾಗುತ್ತೆ."

ಎಲ್ಲರೂ ನಕ್ಕಿದ್ದರು. ಬೆಳ್ಯಪ್ಪನವರೂ ನಕ್ಕು, "ಹಾಗಾದ್ರೆ ಬೆಕ್ಕನ್ನ ಬಿಟ್ಟು ಮಕ್ಕಳನ್ನೇ ತೂಗಿ. ಕಾಫಿ ಪಿಕಿಂಗ್ ಇನ್ನೂ ಶುರುವಾಗಿಲ್ಲ, ನನ್ನ ತಕ್ಕಡಿ ಸುಮ್ನೆ ನೇತಾಡ್ತಾ ಉಂಟು," ಎಂದಿದ್ದರು. ಸೆಪ್ಟೆಂಬರಿನಲ್ಲಿ ಮಕ್ಕಳನ್ನು ತೂಗಿದ್ದು ಅದರಲ್ಲೇ.

ಆಸ್ಪತ್ರೆಯ ನರ್ಸಮ್ಮ ಸರ್ವಮಂಗಳ, "ನಾಲ್ಕು ತಿಂಗಳಿಗೆ ಒಂದು ಪೌಂಡು ಅಂತ ಬರೀರಿ, ಅಷ್ಟಾದ್ರೆ ಬೇಕಾದಷ್ಟಾಯ್ತು," ಎಂದಿದ್ದರು. ಒಂದು ಎಂದು ಬರೆಯಲು ಸಿದ್ದಬಸಪ್ಪನ ಕೈ ಬರಲಿಲ್ಲ. ಇಷ್ಟು ಚೆಂದದ ಇಂಗ್ಲಿಷಿನ ಕೊನೆಯಲ್ಲಿ ಆ ಒಂದು ಬಡವಾಗಿ ಕಂಡಿತು. ಎರಡು ಎಂದು ಬರೆದ.

ಈಗ ಮೂರೂಕಾಲು ಬಂದು ಕೂತಿತ್ತು.

ಅವನು ಹೆಸರುಗಳ ಮೇಲೆ ಬೆರಳಾಡಿಸುತ್ತ ಹೋಗಿ ಶಿವಮ್ಮ ಎಂಬಲ್ಲಿ ನಿಂತ. ಕಾಫಿ ಕೊಯ್ಯುವ ಗಂಗಮ್ಮನ ಮೊಮ್ಮಗಳು. ಹದಿನೆಂಟು ಇದ್ದದ್ದು ಇಪ್ಪತ್ತೂವರೆ. ಆದರೆ ಆ ಮಗು ಹಾಲನ್ನು ಮುಟ್ಟುವುದಿಲ್ಲವೆಂದು ಹಾಲು ಕಾಯಿಸುವವಳು ಎಷ್ಟೋ ಸಲ ದೂರಿದ್ದಳು.

ಮರುದಿನ ಭಾನುವಾರ. ಬೆಳಿಗ್ಗೆಯೇ ಎಸ್ಟೇಟಿನ ಕಡೆ ನಡೆದ. ಮನೆ ಹೋದವರಿಗೆ ಹಾಕಿಕೊಟ್ಟ ಜಿಂಕ್‌ಶೀಟಿನ ಸಾಲಿನ ಮುಂದೆ ಗಂಗಮ್ಮ ಕಾಲು ಚಾಚಿ ಕೂತು ಬಟ್ಟೆಗೆ ತೇಪೆ ಹಾಕುತ್ತಿದ್ದಳು.

"ಏನ್ ಮೇಷ್ಟ್ರೆ, ಭಾನುವಾರಾನೂ ಹಾಜರಿ ತಗೊಳಕ್ಕೆ ಬಂದ್ರಾ?"

"ಶಿವಮ್ಮ ಹಾಲು ಕುಡೀತಾಳಾ ಗಂಗಮ್ಮ? ನಿಜ ಹೇಳು."

"ಎಲ್ಲಿ ಕುಡೀತಾಳೆ! ಲೋಟ ಕಂಡ್ರೇ ವಾಕರಿಸ್ತಾಳೆ. ಅವಳ ಪಾಲು ನಾನೇ ಕುಡಿಯೋದು. ಬರ್ಕೊಳ್ಳಿ ಬೇಕಾದ್ರೆ. ನನ್ನ ತೂಗಿದ್ರೆ ನಿಮಗೆ ಇನ್ನೂ ನಾಲ್ಕು ಪೌಂಡು ಸಿಕ್ತಿತ್ತು."

"ಹಾಲು ಕುಡೀದೆ ಎರಡೂವರೆ ಪೌಂಡು ಹೇಗೆ ಏರಿದ್ಲು ಮತ್ತೆ?"

ಗಂಗಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವನ ಮುಖ ನೋಡಿದಳು. ಹಾಸ್ಯ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಗಟ್ಟಿಯಾಗಿ ನಕ್ಕಳು.

"ಏರಿದ್ದು ಎಲ್ಲಿಂದ ಬಂತು ಸ್ವಾಮಿ? ಬುಟ್ಟಿ ತೆಗೆದ್ರಿ, ಅಷ್ಟೇ."

ಸಿದ್ದಬಸಪ್ಪನಿಗೆ ಅರ್ಥವಾಗಲಿಲ್ಲ. ಅವಳು ಮಗುವಿಗೆ ಮಗ್ಗಿ ಹೇಳಿಕೊಡುವಂತೆ ನಿಧಾನವಾಗಿ ಹೇಳಿದಳು. ದೊಡ್ಡ ಸಾವ್ಕಾರ್ರ ಕಾಲದಲ್ಲಿ ಹಣ್ಣು ಕೊಯ್ದು ಬೆತ್ತದ ಬುಟ್ಟಿಯಲ್ಲೇ ತಕ್ಕಡಿಗೆ ನೇತು ಹಾಕುತ್ತಿದ್ದರು. ಬುಟ್ಟಿಯ ತೂಕ ಕೂಲಿಗೆ ಸೇರಬಾರದೆಂದು ಮುಳ್ಳನ್ನು ಸೊನ್ನೆಗಿಂತ ಎರಡು ಪೌಂಡು ಹಿಂದಕ್ಕೆ ಇಟ್ಟಿದ್ದರು. ಬುಟ್ಟಿಗಳು ಹರಿದುಹೋಗಿ ಹತ್ತು ವರ್ಷವಾಯಿತು. ಈಗ ಸೊಂಟಕ್ಕೆ ಕಟ್ಟುವ ತೆಳ್ಳನೆ ಬಟ್ಟೆಚೀಲ. ಮುಳ್ಳು ಮಾತ್ರ ಅಲ್ಲೇ ಇದೆ.

"ಕೊಯ್ದದ್ದಕ್ಕೆ ತೂಕದ ಮೇಲೆ ಕೂಲಿ. ದಿನಕ್ಕೆ ಮೂರು ಸಲ ತೂಗ್ತಾರೆ, ಮೂರು ಸಲಾನೂ ಬುಟ್ಟಿ ಕಳೀತಾರೆ. ಬುಟ್ಟಿ ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ನಮ್ಮ ಮಕ್ಕಳನ್ನೂ ಬಟ್ಟೆ ಜೋಲಿಯಲ್ಲಿ ಹಾಕಿ ತೂಗಿದ್ರಲ್ಲ, ಅವಕ್ಕೂ ಬುಟ್ಟಿ ಕಳೆದ್ರಿ. ಆಸ್ಪತ್ರೆ ತಕ್ಕಡಿಗೆ ಬುಟ್ಟಿ ಗೊತ್ತಿಲ್ಲ. ಅದಕ್ಕೇ ಎಲ್ಲಾ ಒಂದೇ ಸಮ ದಪ್ಪ ಆಗ್ಬಿಟ್ವು."

"ಆವತ್ತೇ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರಾ? ಮೇಷ್ಟ್ರು ಮುಳ್ಳಿನ ಎದುರಿಗೇ ನಿಂತವ್ರೆ, ಅವರಿಗೆ ಕಾಣ್ದೆ ಇರುತ್ತಾ ಅಂದ್ಕೊಂಡೆ."

ಅವನಿಗೆ ಕಂಡಿರಲಿಲ್ಲ. ಮಗು ಅತ್ತು ಕಾಲು ಒದರುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಮಾತ್ರ ನೋಡಿದ್ದ. ಬರಿಯ ತಕ್ಕಡಿಯನ್ನು ನೋಡಿರಲಿಲ್ಲ.

"ತೂಕ ಬರೆಯೋ ರೈಟರಿಗೆ ಯಾರೂ ಹೇಳಲಿಲ್ವಾ?"

"ಜವರ ಹೇಳ್ದ. ಮಾರನೇ ದಿನದಿಂದ ಅವನಿಗೆ ಗುಂಡಿ ತೆಗೆಯೋ ಕೆಲಸ." ಗಂಗಮ್ಮ ಮತ್ತೆ ಸೂಜಿ ಎತ್ತಿಕೊಂಡಳು. "ನಮ್ಮ ಮಾತು ಬಿಡಿ. ನೀವು ಆ ದೊರೆ ಬಂದಾಗ ಅವರ ಭಾಷೇಲಿ ಒಂದು ಮಾತು ಹಾಕಿ. ಪರದೇಶದವರ ಕಿವಿಗೆ ಬಿದ್ರೆ ಸಾವ್ಕಾರ್ರು ನಾಚಿಕೆಗಾದ್ರೂ ಮುಳ್ಳು ಸರಿ ಮಾಡಿಸ್ತಾರೆ."

ಹಿಂತಿರುಗುವಾಗ ಸಿದ್ದಬಸಪ್ಪ ಮೂರೂಕಾಲಿನಲ್ಲಿ ಎರಡು ಕಳೆದ. ಒಂದೂಕಾಲು ಉಳಿಯಿತು. ನರ್ಸಮ್ಮ ಹೇಳಿದ್ದಕ್ಕಿಂತ ಹೆಚ್ಚು. ಹಾಲು ಕುಡಿದ ಮಕ್ಕಳು ನಿಜಕ್ಕೂ ಚೇತರಿಸಿಕೊಂಡಿದ್ದವು. ಆದರೆ ಅರ್ಜಿಯಲ್ಲಿ ಇದ್ದದ್ದು ಎರಡು, ಅದನ್ನು ಬರೆದವನು ತಾನು. ತಕ್ಕಡಿಯ ಸುದ್ದಿ ಹೇಳಿದರೆ ಗುರುತು ತಪ್ಪುತ್ತದೆ, ಹಾಲು ಹೋಗುತ್ತದೆ. ಹೇಳದಿದ್ದರೆ ದಿನಕ್ಕೆ ಮೂರು ಸಲ ಬುಟ್ಟಿ.

ಇನ್ನೊಂದು ಯೋಚನೆ ಹಿಂದೆಯೇ ಬಂತು. ಬೆಳ್ಯಪ್ಪನವರು ಅಂದು ಅಷ್ಟು ಸಲೀಸಾಗಿ ತಕ್ಕಡಿ ಕೊಟ್ಟದ್ದೇಕೆ? ಜನವರಿಯಲ್ಲಿ ಪಿಕಿಂಗಿನ ನೆಪ ಹೇಳಿ ಕೊಡದೆ ಇದ್ದದ್ದೇಕೆ? ಪಿಕಿಂಗ್ ನಡೆಯುತ್ತಿದ್ದದ್ದು ನಿಜ. ನಿಜವನ್ನೇ ನೆಪ ಮಾಡಿಕೊಳ್ಳಲು ಬರುವುದಿಲ್ಲವೇ?

ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಕಾಫಿ ಕಣಕ್ಕೆ ಹೋದ. ಹಣ್ಣು ಹರಡಿದ ಕಣದ ಅಂಚಿನಲ್ಲಿ, ಮೂರು ಕಂಬಗಳ ನಡುವೆ ತಕ್ಕಡಿ ತೂಗುತ್ತಿತ್ತು. ಏನೂ ಇರಲಿಲ್ಲ ಅದರಲ್ಲಿ. ಮುಳ್ಳು ಸೊನ್ನೆಯ ಹಿಂದೆ, ಎರಡು ಗೆರೆ ಆಚೆ, ಅಲುಗದೆ ನಿಂತಿತ್ತು.

"ಎಂತ ಮೇಷ್ಟ್ರೆ, ಈ ಬಿಸಿಲಲ್ಲಿ?" ಬೆಳ್ಯಪ್ಪನವರು ನೆರಳಿನ ಕುರ್ಚಿಯಿಂದಲೇ ಕೇಳಿದರು. "ಬನ್ನಿ, ಕೂತ್ಕೊಳ್ಳಿ. ಕಾಫಿ ತರಿಸ್ತೇನೆ."

"ಬೇಡ ಸಾರ್. ಪಟ್ಟಿ ನೋಡ್ತಿದ್ದೆ. ಏರಿಕೆ ಸ್ವಲ್ಪ ಜಾಸ್ತಿ ಅನ್ನಿಸ್ತು."

"ಜಾಸ್ತಿ ಆದ್ರೆ ಒಳ್ಳೇದಲ್ವಾ? ಕಡಿಮೆ ಆದ್ರೆ ಅಲ್ವಾ ತೊಂದರೆ?"

"ಎರಡು ತಕ್ಕಡಿಗೂ ವ್ಯತ್ಯಾಸ ಇದೆಯೇನೋ ಅಂತ."

ಬೆಳ್ಯಪ್ಪನವರು ತಕ್ಕಡಿಯ ಕಡೆ ನೋಡಲಿಲ್ಲ. ಅದನ್ನು ಸಿದ್ದಬಸಪ್ಪ ಗಮನಿಸಿದ. ನೋಡದೆ ಇದ್ದದ್ದಕ್ಕೆ ಗೊತ್ತಿದೆ ಎಂದು ಅರ್ಥವೋ, ಗೊತ್ತಿಲ್ಲ ಎಂದು ಅರ್ಥವೋ ತೀರ್ಮಾನಿಸಲು ಆಗಲಿಲ್ಲ.

"ಹೊಸ ತೂಕ ಬಂದ ಮೇಲೆ ಎಲ್ಲಾ ಕಡೆ ಇದೇ ಗಲಾಟೆ," ಎಂದರು ಅವರು. "ಪೌಂಡು, ಕಿಲೋ, ಒಂದಕ್ಕೊಂದು ಕೂಡಲ್ಲ. ಮಕ್ಕಳನ್ನ ತೂಗುವಾಗ ನಾನಂತೂ ಇರ್ಲಿಲ್ಲ. ಬರೆದದ್ದು ನೀವು, ರುಜು ಹಾಕಿದ್ದೂ ನೀವು. ಹಾಲು ನಿಲ್ಲಲಿ ಅಂತ ನಿಮ್ಗೆ ಇದ್ರೆ ಹೇಳಿ, ದೊರೆಗೆ ಒಟ್ಟಿಗೇ ಹೇಳುವ."

ಹೇಳುವ ಎಂಬ ಮಾತನ್ನು ಅವರು ತುಂಬ ಮೃದುವಾಗಿ ಅಂದಿದ್ದರು. ಅಷ್ಟರಲ್ಲಿ ಕಾಫಿ ಬಂತು. ಸಿದ್ದಬಸಪ್ಪ ಬೇಡವೆಂದಿದ್ದರೂ ಕುಡಿದ.

ಬುಧವಾರ ದೊರೆ ಬಂದರು. ವಯಸ್ಸಾದವರು, ಉದ್ದನೆಯ ಮನುಷ್ಯ, ಬಾಗಿಲಿಗೆ ತಲೆ ತಾಗದಂತೆ ಬಗ್ಗಿಯೇ ನಡೆದು ರೂಢಿಯಾದ ಬೆನ್ನು. ಪಟ್ಟಿಯನ್ನು ಶಾಲೆಯ ಜಗಲಿಯಲ್ಲಿ ನಿಂತೇ ಓದಿದರು. ಮೂರೂಕಾಲು ಎಂಬಲ್ಲಿ ಹುಬ್ಬೇರಿತು. ಸಂತೋಷಕ್ಕೋ ಸಂಶಯಕ್ಕೋ ತಿಳಿಯಲಿಲ್ಲ. ತಾಯಂದಿರನ್ನೇ ಒಂದು ಮಾತು ಕೇಳಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬೆಳ್ಯಪ್ಪನವರು ಅಗತ್ಯವಾಗಿ ಎಂದರು.

ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ದೊರೆ ಸಾಲಿನ ಮುಂದೆ ನಡೆದು, ಶಿವಮ್ಮನ ಗಲ್ಲ ಮುಟ್ಟಿ, ಈ ಮಗು ಇಷ್ಟು ತೂಕ ಏರಿದ್ದು ಹೇಗೆಂದು ಅಜ್ಜಿಗೆ ಅನ್ನಿಸುತ್ತದೆ, ಕೇಳಿ ಹೇಳುತ್ತೀರಾ ಎಂದರು.

ಸಿದ್ದಬಸಪ್ಪ ಕನ್ನಡದಲ್ಲಿ ಕೇಳಿದ. ಗಂಗಮ್ಮ ಅವನ ಕಡೆಗೆ ಒಮ್ಮೆ ನೋಡಿ, ದೊರೆಯ ಕಡೆ ತಿರುಗಿ, ಕಿವುಡರಿಗೆ ಹೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಏರಿಲ್ಲ ದೊರೆ. ಎಸ್ಟೇಟ್ ತಕ್ಕಡೀಲಿ ಇಲ್ಲದ ಬುಟ್ಟಿ ಕಳೆದು ತೂಗ್ತಾರೆ. ನಮ್ಮ ಹಣ್ಣಿಗೂ ಹಾಗೇ, ನಮ್ಮ ಮಕ್ಕಳಿಗೂ ಹಾಗೇ. ಮೇಷ್ಟ್ರಿಗೆ ಎಲ್ಲಾ ಗೊತ್ತು, ಅವರೇ ಹೇಳ್ತಾರೆ."

ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ರೈಟರು ನೆಲ ನೋಡಿದ. ನರ್ಸಮ್ಮ ಸೀದಾ ಸಿದ್ದಬಸಪ್ಪನ ಬಾಯನ್ನೇ ನೋಡಿದರು. ಬೆಳ್ಯಪ್ಪನವರಿಗೆ ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಅವರು ಕೈ ಹಿಂದಕ್ಕೆ ಕಟ್ಟಿ ಕಾಯುತ್ತಿದ್ದರು. ದೊರೆಯೂ ಕಾಯುತ್ತಿದ್ದರು, ನಗುಮುಖದಲ್ಲಿ, ತಲೆಯನ್ನು ಸ್ವಲ್ಪ ಬಾಗಿಸಿ.

ಹಾಲು ಕುಡಿಯದ ಒಂದು ಮಗು ಎದುರಿಗಿತ್ತು. ಕುಡಿಯುವ ನಲವತ್ತೇಳು ಅದರ ಅಕ್ಕಪಕ್ಕದಲ್ಲಿದ್ದವು.

"ಮಕ್ಕಳು ಎತ್ತಿಕೊಳ್ಳಲು ಭಾರವಾಗಿದ್ದಾರೆ ಎನ್ನುತ್ತಾಳೆ," ಎಂದ ಸಿದ್ದಬಸಪ್ಪ, ಇಂಗ್ಲಿಷಿನಲ್ಲಿ. "ಇನ್ನೊಂದು ವರ್ಷ ಹಾಲು ಸಿಕ್ಕರೆ ಒಳ್ಳೆಯದಂತೆ."

ದೊರೆ ಗಂಗಮ್ಮನಿಗೆ ಕೈಮುಗಿದು ಎರಡು ಮೂರು ಸಲ ತಲೆಯಾಡಿಸಿದರು. ಗಂಗಮ್ಮನೂ ಕೈಮುಗಿದಳು. ಅವಳ ಮುಖದಲ್ಲಿ ದೊಡ್ಡ ಕೆಲಸವೊಂದು ಮುಗಿದ ನಿರಾಳವಿತ್ತು. ಬೆಳ್ಯಪ್ಪನವರು ದೊರೆಯನ್ನು ಕಾರಿನವರೆಗೆ ಕರೆದೊಯ್ದರು. ಕಾರು ಹೊರಡುವಾಗ ಸಿದ್ದಬಸಪ್ಪನ ಭುಜದ ಮೇಲೆ ಕೈಯಿಟ್ಟು, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಹೊತ್ತು ಇಟ್ಟುಕೊಂಡಿದ್ದು ತೆಗೆದರು. ಆ ಕೈ ಮುಳ್ಳಿನ ಸಂಗತಿ ತನಗೆ ಮೊದಲಿನಿಂದಲೂ ಗೊತ್ತು ಎಂದಿತೋ, ಹಾಲು ಉಳಿಸಿದ್ದಕ್ಕೆ ಬರಿಯ ಶಹಬ್ಬಾಸ್ ಎಂದಿತೋ, ಅವನಿಗೆ ಕೊನೆಯವರೆಗೂ ಬಿಡಿಸಲಾಗಲಿಲ್ಲ.

ಮಾರ್ಚಿನಲ್ಲಿ ಮಂಜೂರಾತಿಯ ಕಾಗದ ಬಂತು. ಹಾಲಿನ ಡಬ್ಬಗಳೂ ಬಂದವು. ಮಕ್ಕಳು ಬೆಳಿಗ್ಗೆ ಲೋಟ ಹಿಡಿದು ಸಾಲು ನಿಂತರು. ಕೆಲವು ಕೆನ್ನೆಗಳು ತುಂಬಿಕೊಂಡದ್ದು ತಕ್ಕಡಿ ಇಲ್ಲದೆಯೂ ಕಾಣುತ್ತಿತ್ತು.

ಮುಂದಿನ ಪಿಕಿಂಗ್ ಶುರುವಾದಾಗ ಮುಳ್ಳು ಅಲ್ಲೇ ಇತ್ತು. ಒಂದು ಸಂಜೆ ರಸ್ತೆಯಲ್ಲಿ ಗಂಗಮ್ಮ ಸಿಕ್ಕಳು. ಬಟ್ಟೆಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ನೋಡಿದ್ರಾ ಮೇಷ್ಟ್ರೆ," ಎಂದಳು. "ಅಷ್ಟು ದೂರದಿಂದ ಬಂದ ದೊರೆಗೆ ಅಷ್ಟು ಬಿಡಿಸಿ ಹೇಳಿದ್ವಿ. ಹೂಂ ಹೂಂ ಅಂತ ತಲೆ ಆಡಿಸಿ ಹೋದ್ರು. ಅವರೂ ಸಾವ್ಕಾರ್ರ ಕಡೆಯವರೇ. ನೀವು ಏನ್ ಮಾಡಕ್ಕಾಗುತ್ತೆ, ನಿಮ್ಮ ಕೆಲಸ ನೀವು ಮಾಡಿದ್ರಿ."

ಸಿದ್ದಬಸಪ್ಪ ಶಿವಮ್ಮ ಹೇಗಿದ್ದಾಳೆ ಎಂದು ಕೇಳಿದ. ಈಗ ಹಾಲಿಗೆ ಬೆಲ್ಲ ಹಾಕಿದರೆ ಕುಡಿಯುತ್ತಾಳೆ ಎಂದಳು. ಆಮೇಲೆ ಇಬ್ಬರೂ ತಂತಮ್ಮ ದಾರಿ ಹಿಡಿದರು.

ಅವಳು ಅಂದು ಹೇಳಿದ ಮಾತನ್ನು ತಾನು ದೊರೆಗೆ ಹೇಳಿರಲಿಲ್ಲ ಎಂಬುದನ್ನು ಸಿದ್ದಬಸಪ್ಪ ಗಂಗಮ್ಮನಿಗೆ ಎಂದೂ ಹೇಳಲಿಲ್ಲ.