ಎದುರುಬದುರು ಪುಟ

ದೊಡ್ಡ ಆವೃತ್ತಿಯನ್ನೇ ತಗೋ ಎಂದು ಚಿಗುಸಾಳಿಗೆ ನಾನು ಮೊದಲೇ ಬಡಕೊಂಡಿದ್ದೆ. ಚಿತ್ರ ಬರೆಯುವ ಆ ಸಾಫ್ಟ್‌ವೇರ್‌ನಲ್ಲಿ ಎರಡು ಬಗೆ. ಸಣ್ಣದರಲ್ಲಿ ಒಂದೊಂದೇ ಪುಟ ಬಿಡಿಬಿಡಿಯಾಗಿ ತೆರೆಯಬೇಕು. ದೊಡ್ಡದರಲ್ಲಿ ಇಡೀ ಕಥೆ ಪುಸ್ತಕದಂತೆ ಜೋಡಿ ಜೋಡಿ ಪುಟಗಳಾಗಿ ಕಣ್ಣೆದುರು ಇರುತ್ತದೆ.

"ಪೆನ್ನು ಎರಡ್ರಲ್ಲೂ ಅದೇ ಅಲ್ವಾ, ಸುಮಿಯೆ ಅಕ್ಕ? ನಾನು ಗೆರೆ ಎಳೆಯೋಳು, ಪುಸ್ತಕ ಹೊಲಿಯೋಳಲ್ಲ," ಎಂದುಬಿಟ್ಟಳು.

ಕಂಡವರ ಮಾಂಗಾ ಚಿತ್ರಕಥೆಗಳಿಗೆಲ್ಲ ಗೋಡೆ, ಮರ, ರೈಲು ನಿಲ್ದಾಣ ಬರೆದು ಕೂದಲು ನರೆತ ನನ್ನ ಮಾತಿಗೆ ಅಷ್ಟೇ ಬೆಲೆ. ಆದರೂ ಅವಳ ಕಥೆಯ ಹಿನ್ನೆಲೆ ಬರೆಯಲು ಬಂದು ಕೂತೆ. ಪತ್ರಿಕೆಯಲ್ಲಿ ಯಾರೋ ಕಾಯಿಲೆ ಬಿದ್ದು ಖಾಲಿಯಾದ ಜಾಗ ಅವಳಿಗೆ ಸಿಕ್ಕಿತ್ತು. ಅವಳ ಹೆಸರು ಅಚ್ಚಾಗುವುದು ಇದೇ ಮೊದಲು. ಸಂಜೆಯೊಳಗೆ ಕಳಿಸದಿದ್ದರೆ ಅದು ಇನ್ನೊಬ್ಬರ ಪಾಲು.

ಮಧ್ಯಾಹ್ನ ಅವಳು ಅನ್ನದುಂಡೆ ತಿನ್ನುತ್ತಿದ್ದಾಗ ಪುಟಗಳನ್ನೆಲ್ಲ ನನ್ನ ಕಂಪ್ಯೂಟರಿನ ದೊಡ್ಡ ಆವೃತ್ತಿಗೆ ಹಾಕಿ ನೋಡಿದೆ. ಪುಟಗಳ ಜೋಡಿ ತಪ್ಪಿತ್ತು.

ಕಥೆಯ ಜೀವವೇ ಎದುರುಬದುರು ಪುಟಗಳಲ್ಲಿ ಹರಡಬೇಕಿದ್ದ ಒಂದು ಚಿತ್ರ. ಮಾಂಗಾ ಓದುವುದು ಬಲದಿಂದ ಎಡಕ್ಕೆ. ಬಲಪುಟದಲ್ಲಿ, ಹೊಳೆಯ ಈ ದಡದಿಂದ ಕೂಗುವ ತಾಯಿ. ಎಡಪುಟದಲ್ಲಿ, ಆಚೆ ದಡದಿಂದ ತಿರುಗಿ ನೋಡುವ ಮಗಳು. ಆರಂಭಕ್ಕೆ ಒಂದು ಪುಟ ಸೇರಿಸಿ ಎಂದು ಸಂಪಾದಕ ಹತಾನಾಕಾ ಹೇಳಿದ್ದರು, ಚಿಗುಸಾ ಸೇರಿಸಿದ್ದಳು. ಆಮೇಲಿನದೆಲ್ಲ ಒಂದೊಂದು ಪುಟ ಜರುಗಿ, ಈಗ ತಾಯಿ ಹಾಳೆಯ ಮುಂಬದಿಗೆ, ಮಗಳು ಅದೇ ಹಾಳೆಯ ಬೆನ್ನಿಗೆ.

ಚಿಗುಸಾಳನ್ನು ಕರೆದು ತೋರಿಸಿದೆ. ಅನ್ನದುಂಡೆ ಅರ್ಧಕ್ಕೇ ಬಿಟ್ಟಳು.

"ಮೊದ್ಲಿಂದ ಒಂದು ಪುಟ ಕಿತ್ತುಹಾಕೇ," ಎಂದೆ.

"ಯಾವ್ದು ಕಿತ್ರೂ ಕಥೆ ಕುಂಟುತ್ತೆ. ಹೊಸದು ಬರೆಯೋಕೆ ಹೊತ್ತೆಲ್ಲಿದೆ?"

"ನಾನು ಅವತ್ತೇ ಹೇಳ್ಲಿಲ್ವಾ?"

"ಹೇಳಿದ್ರಿ. ಈಗ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಫೋನು ಹೊಡೆದುಕೊಂಡಿತು. ಹತಾನಾಕಾ. "ಚಿಗುಸಾ-ಸಾನ್, ಪ್ರೆಸ್ಸಿನೋರು ನನ್ನ ತಲೆ ಮೇಲೆ ಕೂತಿದಾರೆ. ಆಗುತ್ತಾ ಇಲ್ವಾ, ಅಷ್ಟು ಹೇಳಿ."

"ಆಗುತ್ತೆ," ಎಂದಳು. ನನಗೆ ಸಿಟ್ಟೇ ಬಂತು. ಏನು ಆಗುತ್ತೆ, ಮಣ್ಣು!

ಅವಳು ಮಗಳ ಪುಟ ತೆರೆದಳು. ಆಮೇಲೆ ಅಳಿಸತೊಡಗಿದಳು. ಮೊದಲು ಕಾಲು, ಆಮೇಲೆ ಗಾಳಿಗೆ ಹಾರುವ ಕೂದಲು.

"ಏನೇ ಮಾಡ್ತಿದೀಯ, ತಲೆ ಕೆಟ್ಟಿದೆಯಾ?"

ಕೊನೆಗೆ ಮುಖವನ್ನೂ ಅಳಿಸಿ ಪುಟವನ್ನು ನನ್ನ ಕಡೆ ಕಳಿಸಿದಳು. "ಅವಳಿದ್ದ ಜಾಗಕ್ಕೆ ಹುಲ್ಲು ಬರೀರಿ, ಅಕ್ಕ."

ಬರೆದೆ. ಕಳಿಸುವ ಮೊದಲು ಒಮ್ಮೆ ಓದುಗರಂತೆ ನೋಡಿದೆ. ತಾಯಿ ಕೂಗುತ್ತಾಳೆ. ಪುಟ ತಿರುಗಿಸಿದರೆ ಆ ದಡದಲ್ಲಿ ಯಾರೂ ಇಲ್ಲ. ಹಿಂದಿನ ಪುಟಕ್ಕೆ ಹೋಗಿ ಮತ್ತೊಮ್ಮೆ ತಿರುಗಿಸಿದೆ.

ಕತ್ತಲಾಗುವಾಗ ಹತಾನಾಕಾ ಫೋನು ಮಾಡಿದರು. "ಅಚ್ಚಿಗೆ ಹೋಯ್ತು," ಎಂದರು. ಆಮೇಲೆ, "ಆ ಪುಟ ತಿರುಗಿಸಿದ ಮೇಲೆ ಯಾಕೋ ಊರಿಗೆ ಫೋನ್ ಮಾಡಿ ಮಗಳ ಜೊತೆ ಮಾತಾಡ್ದೆ," ಎಂದು ಇಟ್ಟುಬಿಟ್ಟರು.

ಚಿಗುಸಾ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು.

"ನಾಳೆ ದೊಡ್ಡದನ್ನೇ ತಗೋತೀನಿ, ಅಕ್ಕ. ಮೊದ್ಲೇ ತಗೊಂಡಿದ್ರೆ ಆ ದಡದ ಹುಡುಗಿ ಬದುಕಿರ್ತಿದ್ಲು."