ಎರಡನೆಯ ಪುಟದ ಸಹಿ

ಮೈಕಿನ ಮೇಲಿನ ಸ್ಪಂಜು ಒಂದು ಕಡೆ ಕಿತ್ತುಹೋಗಿದೆ, ಕಾದು ಕಾದು ಬೇಸತ್ತವರು ಯಾರೋ ಉಗುರಿನಿಂದ ಚಿವುಟಿರಬೇಕು, ಕಾಯಿಸುವುದರಲ್ಲಿ ಈ ಕಟ್ಟಡದ್ದು ಎತ್ತಿದ ಕೈ, ಸಮಿತಿಯ ಮುಂದೆ ಮಾತಾಡಲು ಅವಳ ಸರದಿ ಆರನೆಯದು, ಈಗ ನಾಲ್ಕನೆಯವರು, ಪರದೆಯ ತುಂಬ ನೀಲಿ ಕಂಬಗಳು, ಉದ್ದ ಕಂಬ ಎಂದರೆ ಹೆಚ್ಚು ಹುಚ್ಚರು ಎಂದಿರಬೇಕು — ಮೇಜಿನ ಮೇಲೆ ಮಾನಸಿಕ ಆರೋಗ್ಯ ನೀತಿಯ ಕರಡು, ಅದರ ಹದಿನಾಲ್ಕನೆಯ ಕಲಮನ್ನು ಅವಳು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲಳು, ಗುಡ್ಡದ ಜನರನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುವ ಮುನ್ನ ಅವರ ಪೈಕಿ ಒಬ್ಬರು ಕೋಣೆಯಲ್ಲಿ ಕೂತು ಅವರ ರೀತಿನೀತಿ ತಿಳಿಸತಕ್ಕದ್ದು, ಆ ಒಬ್ಬರು ಬೇಡವೆಂದರೆ ಸೇರಿಸಕೂಡದು — ಇಷ್ಟನ್ನು ಕಾಗದದ ಮೇಲೆ ತರಿಸಲು ಆರು ವರ್ಷ, ಇವತ್ತು ಸಂಜೆಯೊಳಗೆ ಸಮಿತಿ ಇದನ್ನು ಉಳಿಸುತ್ತದೆ, ಇಲ್ಲವೇ ಹೊಡೆದುಹಾಕುತ್ತದೆ. ಪಕ್ಕದಲ್ಲಿ ಮೇಷ್ಟ್ರು, ಗುಡ್ಡದವರ ಸಂಘ ಕಟ್ಟಿದವರು, ಶಾಲೆ ಬಿಟ್ಟು ಹತ್ತು ವರ್ಷವಾದರೂ ಸಮಿತಿಯ ಅಧ್ಯಕ್ಷೆಯನ್ನೂ ಒಂದನೇ ಕ್ಲಾಸಿನವಳಂತೆ ನೋಡುವವರು, ಬಾಗಿ ಪಿಸುಗುಟ್ಟುತ್ತಾರೆ, ನೀರು ಕುಡಿಯಮ್ಮ, ಗಂಟಲು ಕೈಕೊಟ್ರೆ ಎಲ್ಲಾ ಮಣ್ಣುಪಾಲು, ಸುಮ್ನೆ ನಿಮ್ಮ ಚಿಕ್ಕಮ್ಮನ ಫೈಲ್ ಓದಿಬಿಡು, ಅವರೇ ತಲೆ ತಗ್ಗಿಸ್ತಾರೆ. ಫೈಲು ಅವಳ ಮಡಿಲಲ್ಲಿದೆ, ಗಂಡ ಸತ್ತ ಸಂಕಟದಲ್ಲಿದ್ದ ಹೆಂಗಸನ್ನು ಹನ್ನೊಂದು ತಿಂಗಳು ವಾರ್ಡಿನಲ್ಲಿ ಕೂಡಿಹಾಕಿದ ಕಥೆ, ಸಂಘದ ಬಳಿ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ, ಆದರೆ ಮೇಷ್ಟ್ರು ಓದಿರುವುದು ಮೊದಲ ಪುಟ, ಎರಡನೆಯ ಪುಟದ ತಳದಲ್ಲಿ ದುಭಾಷಿ ಎಂದು ಅಚ್ಚಾದ ಸಾಲಿನ ಎದುರು ಇರುವ ಸಹಿ ಅವಳದೇ, ಕೆಳಗೆ ಎರಡು ಗೆರೆ, ಹೊಸ ಕೆಲಸದ ಹುಮ್ಮಸ್ಸಿನ ಗೆರೆಗಳು.

ಆಗ ಅವಳಿಗೆ ಇಪ್ಪತ್ತಮೂರು ವರ್ಷ, ಆಸ್ಪತ್ರೆಯಲ್ಲಿ ಗುಡ್ಡದ ಭಾಷೆ ಬಲ್ಲವಳು ಅವಳೊಬ್ಬಳೇ, ತರಬೇತಿಯಲ್ಲಿ ಹೇಳಿಕೊಟ್ಟದ್ದು ಒಂದೇ, ರೋಗಿ ಹೇಳಿದ್ದನ್ನು ಹೇಳು, ಒಂದು ಪದ ಸೇರಿಸಬೇಡ, ಒಂದು ಪದ ಬಿಡಬೇಡ, ಅವಳು ಅದನ್ನು ದೇವರ ಮಾತಿನಂತೆ ಹಿಡಿದುಕೊಂಡಳು — ಚಿಕ್ಕಮ್ಮನ ಬಾಡಿಗೆ ಮನೆಯ ಅಕ್ಕಪಕ್ಕದವರು ದೂರು ಕೊಟ್ಟಿದ್ದರು, ಗೋಡೆಯಾಚೆ ಈಯಮ್ಮ ಒಬ್ಬಳೇ ಮಾತಾಡುತ್ತಾಳೆ ಎಂದು, ಮಾತಾಡದೆ ಏನು ಮಾಡುತ್ತಾಳೆ, ಗುಡ್ಡದಲ್ಲಿ ಸತ್ತವರ ಜೊತೆ ಒಂದು ವರ್ಷ ಮಾತು ಬಿಡುವುದಿಲ್ಲ, ನೆಂಟರೊಬ್ಬರು ಪಕ್ಕದಲ್ಲಿ ಕೂತು ಇವತ್ತು ಏನಂದ್ರು ಎಂದು ಕೇಳುತ್ತಾರೆ, ಹೆಂಡತಿ ಹೇಳುತ್ತಾಳೆ, ಅಳುತ್ತಾಳೆ, ನಗುತ್ತಾಳೆ, ವರ್ಷ ತುಂಬಿದ ದಿನ ಇನ್ನು ಹೊರಡಿ ಎಂದು ಬಾಗಿಲ ತನಕ ಬಿಟ್ಟು ಬಂದರೆ ಮುಗಿಯಿತು. ಡಾಕ್ಟರು ಒಳ್ಳೆಯ ಮನುಷ್ಯ, ಅದೇ ಬಂದ ತೊಂದರೆ, ಕುರ್ಚಿ ಹತ್ತಿರ ಎಳೆದುಕೊಂಡು ಮೆತ್ತಗೆ ಕೇಳಿದರು, ನಿಮ್ಮ ಯಜಮಾನರು ಇವತ್ತು ಏನಂದ್ರು? ಅವಳು ಅದನ್ನು ಹಾಗೆಯೇ ಗುಡ್ಡದ ಭಾಷೆಯಲ್ಲಿ ಕೇಳಿದಳು, ಚಿಕ್ಕಮ್ಮನ ಮುಖ ಅರಳಿಬಿಟ್ಟಿತು, ಪರವಾಗಿಲ್ಲ, ಇವರಿಗೂ ಗೊತ್ತಿದೆ, ನೆಂಟರ ಜಾಗದಲ್ಲಿ ಕೂತಿದ್ದಾರೆ ಎಂದುಕೊಂಡಳು, ಮನಸ್ಸು ಬಿಚ್ಚಿದಳು, ಬೆಳಿಗ್ಗೆ ಬೆಳಿಗ್ಗೆನೇ ಬಂದು ಕೂತ್ಕೊಂಡ್ರು ಕಣೇ, ಅಂಗಿಗೆ ಗುಂಡಿ ಹಾಕಿಲ್ಲ ಅಂತ ಗೊಣಗಿದ್ದೇ ಗೊಣಗಿದ್ದು, ಸತ್ತ ಮೇಲೂ ಆ ಬುದ್ಧಿ ಬಿಡಬಾರದಾ, ನನ್ನನ್ನೂ ಕರ್ಕೊಂಡು ಹೋಗಿ ಅಂದೆ, ನಿನ್ನ ಕಟ್ಕೊಂಡು ಅಲ್ಲೂ ಏಗಬೇಕಾ ಅಂದ್ರು — ಎಂದು ನಕ್ಕಳು. ನಗುವನ್ನು ಅನುವಾದಿಸುವ ಪಾಠ ತರಬೇತಿಯಲ್ಲಿ ಇರಲಿಲ್ಲ, ಉಳಿದದ್ದನ್ನೆಲ್ಲ ಚಾಚೂ ತಪ್ಪದೆ ಹೇಳಿದಳು, ಡಾಕ್ಟರು ಬರೆದುಕೊಂಡರು, ಧ್ವನಿ ಕೇಳುತ್ತದೆ, ಸಾಯುವ ಇಚ್ಛೆ ಇದೆ, ಅವರ ಪೆನ್ನು ಓಡುವುದು ಕಾಣುತ್ತಿತ್ತು, ಇದು ನಮ್ಮಲ್ಲಿ ಹೀಗೇ ಸಾರ್ ಎನ್ನುವಷ್ಟು ಹೊತ್ತು ಇತ್ತು, ಬೇಕಾದಷ್ಟು ಹೊತ್ತು ಇತ್ತು, ಅವಳು ಸುಮ್ಮನಿದ್ದಳು, ತಪ್ಪು ಅವಳದೇ. ಆಮೇಲೆ ಗುಳಿಗೆ, ದಿನಕ್ಕೆ ಮೂರು, ಕೆನ್ನೆಯೊಳಗೆ ಅಡಗಿಸಿಕೊಳ್ಳುತ್ತಾರೆಂದು ನರ್ಸಿಗೆ ಅನುಮಾನ, ನಿಮ್ಮ ಭಾಷೇಲಿ ಹೇಳಮ್ಮ ಎಂದು ಇವಳಿಗೆ, ಇವಳು ಹೇಳುತ್ತಾಳೆ, ಬಾಯಿ ತೆರಿ ಚಿಕ್ಕಮ್ಮ, ನಾಲಿಗೆ ಎತ್ತು, ಚಿಕ್ಕಮ್ಮ ಎತ್ತುತ್ತಾಳೆ, ಕೆಳಗೆ ಎರಡು ನೀಲಿ ನರ. ವರ್ಷ ತುಂಬುವ ದಿನ ಬಂದದ್ದು ವಾರ್ಡಿನಲ್ಲಿದ್ದಾಗ, ಚಿಕ್ಕಪ್ಪನನ್ನು ಬಾಗಿಲ ತನಕ ಬಿಡುವವರೇ ಇರಲಿಲ್ಲ, ಆ ವೇಳೆಗೆ ಚಿಕ್ಕಮ್ಮ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ಗುಣವಾಗಿದೆ ಎಂದು ಮನೆಗೆ ಕಳಿಸಿದರು.

ಐದನೆಯವರು ಆಸ್ಪತ್ರೆಯ ಮೇಲ್ವಿಚಾರಕರು, ಟೈ ಸರಿಮಾಡಿಕೊಂಡು, ಹದಿನಾಲ್ಕನೇ ಕಲಮು ಬೇಕೇ ಇಲ್ಲ ಮೇಡಂ, ಅವರ ಪೈಕಿ ದುಭಾಷಿ ಎಲ್ಲಾ ಕೇಸಲ್ಲೂ ಕೋಣೆಯಲ್ಲಿ ಇದ್ದೇ ಇರ್ತಾರೆ, ಬೇಕಾದ್ರೆ ಯಾವ ಫೈಲಾದ್ರೂ ತೆಗೆದು ನೋಡಿ — ಅಧ್ಯಕ್ಷೆ ತಲೆಯಾಡಿಸುತ್ತಾ ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಗೀಟು ಹೊಡೆಯಲು ಎಷ್ಟು ಹೊತ್ತು ಬೇಕು, ಮೇಷ್ಟ್ರ ಮೊಣಕೈ ಅವಳ ತೋಳಿಗೆ ತಾಗುತ್ತದೆ, ಏಳಮ್ಮ, ಅವಳು ಎದ್ದಿದ್ದಾಳೆ, ಮೊದಲ ಪುಟ ಓದಿ ಕೂತರೆ ಮಾನ ಉಳಿಯುತ್ತದೆ, ಕಲಮು ಹೋಗುತ್ತದೆ, ಎರಡನೆಯದನ್ನೂ ತೋರಿಸಿದರೆ ಮೇಷ್ಟ್ರು ನಾಳೆಯಿಂದ ಮುಖ ಕೊಟ್ಟು ಮಾತಾಡುವರೋ ಇಲ್ಲವೋ, ಹಾಳಾಗಲಿ, ಫೈಲನ್ನು ಅಧ್ಯಕ್ಷೆಯತ್ತ ಚಾಚುತ್ತಾಳೆ, ಎರಡನೇ ಪುಟ ನೋಡಿ ಮೇಡಂ, ಇವರು ಹೇಳ್ತಿರೋದು ನಿಜ, ದುಭಾಷಿ ಇದ್ದಳು, ಆ ಸಹಿ ನಂದು, ರೋಗಿ ನನ್ನ ಚಿಕ್ಕಮ್ಮ, ಕೂತಿರೋಕೆ ಮಾತ್ರ ಅಪ್ಪಣೆ ಇತ್ತು, ಬೇಡ ಅನ್ನೋಕೆ ಇರಲಿಲ್ಲ, ಅದಕ್ಕೇ ಈ ಕಲಮು. ಮೇಷ್ಟ್ರ ಕೈ ಅವಳ ತೋಳಿನಿಂದ ಸರಿದಿದೆ, ತಿರುಗಿ ಅವರ ಮುಖ ನೋಡುವ ಧೈರ್ಯ ಅವಳಿಗಿಲ್ಲ, ಅಧ್ಯಕ್ಷೆಯ ಪೆನ್ನು ಕರಡಿನ ಮೇಲೆ ನಿಂತಿದೆ, ಈಗ ಹೇಗಿದ್ದಾರೆ ನಿಮ್ಮ ಚಿಕ್ಕಮ್ಮ? — ಹೇಗಿದ್ದಾಳೆ, ಮೊನ್ನೆ ಭಾನುವಾರ ಹೋಗಿದ್ದಳಲ್ಲ, ಈ ಫೈಲು ತೋರಿಸಲು ಒಪ್ಪಿಗೆಯ ಹೆಬ್ಬೆಟ್ಟು ಒತ್ತಿಸಿಕೊಳ್ಳಲು, ಶಾಯಿಯ ಡಬ್ಬಿ ಕೈಯಲ್ಲಿ, ಬಾಗಿಲು ತೆಗೆದವಳು ಚಿಕ್ಕಮ್ಮನೇ, ಚೆನ್ನಾಗಿದ್ದೀಯಾ ಎಂದು ಇವಳು ಕೇಳುವುದರೊಳಗೆ, ವಾರ್ಡು ಬಿಟ್ಟ ಹನ್ನೆರಡು ವರ್ಷದ ಮೇಲೆ, ಯಾರೂ ಹೇಳದೆಯೇ, ಹೊಸ್ತಿಲಲ್ಲೇ ನಿಂತು ಚಿಕ್ಕಮ್ಮ ಬಾಯಿ ತೆರೆದಳು, ನಾಲಿಗೆ ಎತ್ತಿದಳು, ಕೆಳಗೆ ಏನೂ ಇಲ್ಲ ಎಂದು ತೋರಿಸಿದಳು, ಇವಳು ಸಾಕು ಎನ್ನುವ ತನಕ ಹಾಗೇ, ಬಾಯಿ ತೆರೆದು, ನಾಲಿಗೆ ಎತ್ತಿ —